ಹಳೇ ಕಾದಂಬರಿಗಳಲ್ಲಿ ಬಡವರು ಯಾಕೆ ಹಾಗೆ ಮಾಡ್ತಾರೆ: ಲೆಕ್ಕ ಬರ್ಕೊಂಡು ಓದೋ ವಿಧಾನ

ಓದುಗರ ಗುಂಪಲ್ಲಾಗ್ಲಿ ಕಾಲೇಜ್ ಸೆಮಿನಾರಲ್ಲಾಗ್ಲಿ ಕ್ಲಾಸಿಕ್ ಕಾದಂಬರಿ ಬಗ್ಗೆ ಮಾತು ಶುರುವಾದ್ರೆ ಸಾಮಾನ್ಯವಾಗಿ ಎರಡೇ ಮಾತು ಬರ್ತವೆ. ಒಂದು, "ಪಾಪ, ಬಡತನ, ಇನ್ನೇನ್ ಮಾಡ್ತಾನೆ". ಇನ್ನೊಂದು, "ಬಡವರೆಲ್ಲ ಕದೀತಾರಾ, ಬಡವರೆಲ್ಲ ಕೊಲೆ ಮಾಡ್ತಾರಾ". ಈ ಎರಡರಲ್ಲಿ ಯಾವುದನ್ನ ಹೇಳೋಕೂ ಐನೂರು ಪುಟದ ಪುಸ್ತಕ ಓದೋ ಅವಶ್ಯಕತೆನೇ ಇಲ್ಲ. ಆದ್ರೆ ಹ್ಯೂಗೋ, ದಾಸ್ತೋಯೆವ್‌ಸ್ಕಿ, ಹಾರ್ಡಿ, ಪ್ರೇಮಚಂದ್, ನಮ್ಮ ಕಾರಂತರು, ಇವರ್ಯಾರೂ ಅಷ್ಟಕ್ಕೆ ನಿಲ್ಲಿಸಿದವರಲ್ಲ, ಒಬ್ಬ ಮನುಷ್ಯ ಆ ಕೊನೇ ಹೆಜ್ಜೆ ಇಡೋ ಮುಂಚೆ ಅವನ ಕೈಯಲ್ಲಿ ಎಷ್ಟು ದುಡ್ಡಿತ್ತು, ಯಾರಿಗೆ ಎಷ್ಟು ಕೊಡಬೇಕಿತ್ತು, ಯಾವ ದಿನ ಯಾರು ಬಾಗಿಲು ಹಾಕಿದ್ರು ಅನ್ನೋದನ್ನ ಪೈಸೆ ಪೈಸೆ ಬರೆದಿಟ್ಟಿದ್ದಾರೆ. ನಾವು ಆ ಭಾಗಗಳನ್ನೇ ಬೇಗ ಬೇಗ ದಾಟ್ಕೊಂಡು ಹೋಗ್ತೀವಿ, ಕಣ್ಣೀರಿನ ಸೀನ್ ಹತ್ರ ಹೋಗಿ ನಿಲ್ತೀವಿ.

ಈ ಲೇಖನ ಆ ಲೆಕ್ಕವನ್ನ ಹಿಡಿದು ಓದೋದು ಹೇಗೆ ಅಂತ ಹೇಳೋಕೆ. ಅಸೈನ್‌ಮೆಂಟ್ ಬರೆಯೋ ವಿದ್ಯಾರ್ಥಿಗಳಿಗೆ, ಓದುಗರ ಗುಂಪು ನಡೆಸೋರಿಗೆ, ಸುಮ್ನೆ ರಾತ್ರಿ ಹೊತ್ತು ಓದೋರಿಗೂ ಉಪಯೋಗ ಆಗತ್ತೆ. ಬೇಕಾಗಿರೋದು ಒಂದು ನೋಟ್‌ಬುಕ್, ಪೆನ್ನು, ಮತ್ತೆ ಸಂಕ್ಷಿಪ್ತ ಅಲ್ಲದ ಪೂರ್ತಿ ಪುಸ್ತಕ. ಈ ಕೊನೇದು ಮುಖ್ಯ, ಯಾಕಂದ್ರೆ ಮಕ್ಕಳಿಗೋ ಪರೀಕ್ಷೆಗೋ ಅಂತ ಕತೆಯನ್ನ ಚಿಕ್ಕದು ಮಾಡುವಾಗ ಮೊದಲು ಕತ್ತರಿ ಬೀಳೋದೇ ಕೂಲಿ, ಬಾಡಿಗೆ, ಬಡ್ಡಿ ಇರೋ ಸಾಲುಗಳಿಗೆ, ಆಮೇಲೆ ಉಳಿಯೋದು ಒಬ್ಬ ಒಳ್ಳೆ ಕಳ್ಳ ಮತ್ತೆ ಒಬ್ಬ ಕೆಟ್ಟ ಪೊಲೀಸ್.

1. ಎಲ್ಲಿ ಅಂಕಿ ಕಾಣತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ

ಮೊದಲನೇ ಸಲ ಓದುವಾಗ ಇಷ್ಟೇ ಕೆಲಸ. ಕೂಲಿ ಎಷ್ಟು, ಬಾಡಿಗೆ ಎಷ್ಟು, ಸಾಲ ಎಷ್ಟು, ಯಾವ ವಸ್ತು ಎಷ್ಟಕ್ಕೆ ಮಾರಿದ್ರು. ವಿಶ್ಲೇಷಣೆ ಏನೂ ಬೇಡ, ಗುರುತು ಹಾಕಿ ಮುಂದೆ ಹೋಗಿ. ಎರಡನೇ ಸಲ ಬಂದು ಅವನ್ನೆಲ್ಲ ಒಂದೇ ಪುಟದಲ್ಲಿ ಬರ್ಕೊಳ್ಳಿ.

ಇದಕ್ಕೆ ಫಾಂಟೀನ್ ಕತೆಗಿಂತ ಒಳ್ಳೆ ಪಾಠ ನಂಗೆ ಗೊತ್ತಿಲ್ಲ. 1862ರಲ್ಲಿ ಬಂದ ಹ್ಯೂಗೋನ 'ಲೆ ಮಿಸರಾಬ್ಲ್' ಅಂದ್ರೆ ಎಲ್ರಿಗೂ ಬ್ರೆಡ್ ಕದ್ದ ಜಾನ್ ವಾಲ್ಜಾನ್ ನೆನಪಾಗ್ತಾನೆ, ಆದ್ರೆ ಲೆಕ್ಕದ ವಿಷಯಕ್ಕೆ ಬಂದ್ರೆ ಫಾಂಟೀನ್ ಇರೋ ಅಧ್ಯಾಯಗಳೇ ಆ ಕಾದಂಬರಿಯ ಬೆನ್ನೆಲುಬು. ಗಂಡಿನಿಂದ ಮೋಸ ಹೋದ ಹುಡುಗಿ, ಪುಟ್ಟ ಮಗಳು ಕೊಸೆಟ್‌ನ ಥೆನಾರ್ದಿಯೆ ಅನ್ನೋ ಹೋಟೆಲ್‌ನವರ ಹತ್ರ ಬಿಟ್ಟು ದುಡಿಯೋಕೆ ಹೋಗ್ತಾಳೆ. ಅವಳ ಕೈಯಲ್ಲಿರೋದು 80 ಫ್ರಾಂಕ್. ಅವರು ತಿಂಗಳಿಗೆ 7 ಫ್ರಾಂಕ್, ಆರು ತಿಂಗಳದ್ದು ಮುಂಗಡ, ಮೇಲೆ ಖರ್ಚಿಗೆ ಅಂತ 15, ಒಟ್ಟು 57 ಫ್ರಾಂಕ್ ಅಲ್ಲೇ ಎಣಿಸ್ಕೊಳ್ತಾರೆ. ಆಮೇಲೆ 7 ಹೋಗಿ 12 ಆಗತ್ತೆ, 12 ಹೋಗಿ 15 ಆಗತ್ತೆ. ಈ ಕಡೆ ಅವಳಿಗೊಂದು ಮಗು ಇದೆ ಅನ್ನೋ ಸುದ್ದಿ ಊರಲ್ಲಿ ಹೊರಗೆ ಬಂದು ಫ್ಯಾಕ್ಟರಿ ಕೆಲಸ ಹೋಗತ್ತೆ, 50 ಫ್ರಾಂಕ್ ಕೈಗಿಟ್ಟು ಕಳಿಸ್ತಾರೆ, ಅದು ಮನೆ ಮಾಲೀಕನಿಗೂ ಫರ್ನಿಚರ್ ಅಂಗಡಿಯವನಿಗೂ ಹಂಚಿ ಹೋಗತ್ತೆ. ಸೈನಿಕರ ದಪ್ಪ ಶರ್ಟ್ ಹೊಲಿಯೋಕೆ ಕೂತ್ಕೊಳ್ತಾಳೆ, ದಿನಕ್ಕೆ 12 ಸೂ ಸಿಗತ್ತೆ. ಮಗಳ ಖರ್ಚೇ ದಿನಕ್ಕೆ 10 ಸೂ.

ಇಲ್ಲಿ ನಿಲ್ಲಿ, ನೋಟ್‌ಬುಕ್ ತೆಗೀರಿ. ಒಂದು ಫ್ರಾಂಕಿಗೆ 20 ಸೂ. ತಿಂಗಳಿಗೆ 15 ಫ್ರಾಂಕ್ ಅಂದ್ರೆ 300 ಸೂ. ಸ್ವಲ್ಪ ದಿನ ಆದ್ಮೇಲೆ ಜೈಲಿನ ಕೈದಿಗಳಿಂದ ಅಗ್ಗಕ್ಕೆ ಹೊಲಿಸೋ ಕಾಂಟ್ರಾಕ್ಟರ್ ಒಬ್ಬ ಬಂದು ಇಡೀ ಊರಿನ ಹೊಲಿಗೆ ಕೂಲಿನೇ ಬಿದ್ದು ಹೋಗತ್ತೆ, ದಿನಕ್ಕೆ 17 ಗಂಟೆ ದುಡಿದ್ರೆ 9 ಸೂ. ಮೂವತ್ತು ದಿನ ಒಂದು ದಿನಾನೂ ಬಿಡದೆ ದುಡಿದ್ರೂ 270 ಸೂ. ಅಂದ್ರೆ ಅವಳು ಒಂದು ತುತ್ತೂ ತಿನ್ನದೆ, ಬಾಡಿಗೆ ಕೊಡದೆ, ದೀಪಕ್ಕೆ ಎಣ್ಣೆ ಹಾಕದೆ ದುಡಿದ್ರೂ ಮಗಳಿಗೆ ಕಳಿಸೋ ದುಡ್ಡು ಹುಟ್ಟಲ್ಲ! ಈ ಕೂಡಿ ಕಳೆಯೋ ಲೆಕ್ಕ ನೀವೇ ಮಾಡಿ ನೋಡಿದ್ಮೇಲೆ, ಅವಳು ಕೂದಲು ಮಾರಿದ್ದು 10 ಫ್ರಾಂಕಿಗೆ, ಮುಂದಿನ ಎರಡು ಹಲ್ಲು ಕೀಳಿಸ್ಕೊಂಡಿದ್ದು 40 ಫ್ರಾಂಕಿಗೆ, ಕೊನೆಗೆ 100 ಫ್ರಾಂಕ್ ಕಳಿಸು ಇಲ್ದಿದ್ರೆ ಮಗು ಬೀದಿಗೆ ಅಂತ ಕಾಗದ ಬಂದಾಗ ಮೈ ಮಾರೋಕೆ ಇಳಿದಿದ್ದು, ಯಾವುದೂ ಆವೇಶದಲ್ಲಿ ಆದ ಕೆಲಸ ಅಲ್ಲ ಅಂತ ಗೊತ್ತಾಗತ್ತೆ. ಲೆಕ್ಕ ಸರಿ ಹೋಗ್ಲಿ ಅಂತ ಒಬ್ಬ ತಾಯಿ ತನ್ನ ಮೈಯಿಂದ ಒಂದೊಂದೇ ಭಾಗ ತೆಗೆದು ಕೊಡ್ತಾ ಹೋಗಿದ್ದಾಳೆ. ಅದರಲ್ಲೂ ಹಲ್ಲಿನ ದುಡ್ಡು ಕೇಳಿದ್ದು ಮಗುಗೆ ಜ್ವರ ಅಂತ, ಮಗುಗೆ ಜ್ವರ ಇರಲೇ ಇಲ್ಲ.

ಒಂದು ಸೂಚನೆ, ಫ್ರಾಂಕು ರೂಬಲ್ಲುಗಳನ್ನ ಇವತ್ತಿನ ರೂಪಾಯಿಗೆ ಬದಲಾಯಿಸೋಕೆ ಹೋಗ್ಬೇಡಿ, ಅದು ಸುಮ್ನೆ ದಾರಿ ತಪ್ಪಿಸತ್ತೆ. ಅದೇ ಪುಸ್ತಕದೊಳಗಿನ ದಿನಗೂಲಿ ಜೊತೆ ಹೋಲಿಸಿ ನೋಡಿ, ಅಷ್ಟು ಸಾಕು. ದಾಸ್ತೋಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ'ಯಲ್ಲಿ ಕುಡುಕ ಮಾರ್ಮೆಲಾದೋವ್ ಹೇಳ್ತಾನೆ, ಮರ್ಯಾದಸ್ಥ ಬಡ ಹುಡುಗಿ ಬಿಡುವಿಲ್ಲದೆ ದುಡಿದ್ರೂ ದಿನಕ್ಕೆ 15 ಕೊಪೆಕ್ ಹುಟ್ಟಲ್ಲ ಅಂತ. ಅವನ ಮಗಳು ಸೋನ್ಯಾ ಒಂದು ಸಂಜೆ ಹೊರಗೆ ಹೋಗಿ ಬಂದು ಮಲತಾಯಿ ಮುಂದೆ 30 ರೂಬಲ್ ಇಡ್ತಾಳೆ. ಒಂದು ರೂಬಲ್ಲಿಗೆ 100 ಕೊಪೆಕ್, ಭಾಗಿಸಿ ನೋಡಿ, 200 ದಿನದ ಕೂಲಿ ಅದು.

2. ಕಾಗದ ಯಾರ ಕೈಯಲ್ಲಿದೆ ಅಂತ ಹುಡುಕಿ

ಬರೀ ಹಸಿವು ಬೇರೆ, ಇನ್ನೊಬ್ಬನ ಹಿಡಿತದಲ್ಲಿರೋದು ಬೇರೆ. ಎರಡೂ ಒಟ್ಟಿಗೇ ಇರ್ತವೆ, ಆದ್ರೆ ನೋಟ್‌ಬುಕ್ಕಲ್ಲಿ ಎರಡು ಕಾಲಂ ಮಾಡಿ ಬರ್ಕೊಳ್ಳಿ. ಎಡಗಡೆ, ಇಲ್ಲದೇ ಇರೋದು ಏನು (ಅನ್ನ, ಬಟ್ಟೆ, ಮನೆ, ಔಷಧಿ). ಬಲಗಡೆ, ಯಾರು ಹಿಡ್ಕೊಂಡಿದ್ದಾರೆ, ಯಾವುದರಿಂದ ಹಿಡ್ಕೊಂಡಿದ್ದಾರೆ. ಹೆಚ್ಚಿನ ಓದುಗರು ಎಡಗಡೆ ಕಾಲಂ ತುಂಬಿಸಿ ಬಲಗಡೆ ಖಾಲಿ ಬಿಟ್ಟುಬಿಡ್ತಾರೆ, ಹಾಗಾಗಿ ಬಡತನ ಅನ್ನೋದು ಮಳೆ, ಬರಗಾಲದ ಹಾಗೆ ತಾನಾಗೇ ಬಂದ ಕಷ್ಟ ಅಂತ ಅನ್ಸಿಬಿಡತ್ತೆ.

ಸಾಲದ ಕಾಗದ ಹೇಗೆ ಕೆಲಸ ಮಾಡತ್ತೆ ಅಂತ ತಿಳ್ಕೊಳ್ಳೋಕೆ ಎರಡು ಸಣ್ಣ ಸೀನ್ ಅಕ್ಕಪಕ್ಕ ಇಟ್ಟು ಓದಿ. ಮೊದಲನೇದು 1866ರ 'ಅಪರಾಧ ಮತ್ತು ಶಿಕ್ಷೆ'ಯ ಶುರುವಿನಲ್ಲೇ ಇದೆ. ಕಥಾನಾಯಕ ರಾಸ್ಕೋಲ್ನಿಕೋವ್ ತಂದೆಯ ಬೆಳ್ಳಿ ವಾಚನ್ನ ಗಿರವಿ ಇಡೋಕೆ ಮುದುಕಿ ಅಲ್ಯೋನಾ ಇವಾನೋವ್ನಾ ಹತ್ರ ಹೋಗ್ತಾನೆ. ಅವಳು ಒಂದೂವರೆ ರೂಬಲ್ ಅಂತಾಳೆ. ರೂಬಲ್ಲಿಗೆ ತಿಂಗಳಿಗೆ 10 ಕೊಪೆಕ್ ಬಡ್ಡಿ, ಅದೂ ಮೊದಲೇ ಮುರ್ಕೊಳ್ಳೋದು, ಅಂದ್ರೆ 15 ಕೊಪೆಕ್, ಹಿಂದಿನ ಎರಡು ರೂಬಲ್ ಸಾಲದ ಬಡ್ಡಿ 20 ಕೊಪೆಕ್, ಒಟ್ಟು 35 ಕಳೆದು ಅವನ ಕೈಗೆ ಬರೋದು 1 ರೂಬಲ್ 15 ಕೊಪೆಕ್. ಎರಡನೇದು ಪ್ರೇಮಚಂದರ 1936ರ 'ಗೋದಾನ'ದಲ್ಲಿ, ಹೋಳಿ ಹಬ್ಬಕ್ಕೆ ಹಳ್ಳಿ ಹುಡುಗರು ಆಡೋ ಅಣಕು ನಾಟಕ. ಸಾಹುಕಾರ ಹತ್ತು ರೂಪಾಯಿಗೆ ಪತ್ರ ಬರೆಸ್ಕೊಂಡು ಐದೇ ರೂಪಾಯಿ ಕೊಡ್ತಾನೆ. ಉಳಿದಿದ್ದೆಲ್ಲಿ ಅಂದ್ರೆ ಕಾಣಿಕೆಗೆ ಒಂದು, ಬರವಣಿಗೆಗೆ ಒಂದು, ಕಾಗದಕ್ಕೆ ಒಂದು, ಮಾಮೂಲಿಗೆ ಒಂದು, ಬಡ್ಡಿಗೆ ಒಂದು. ರೈತ ಆ ಐದನ್ನೂ ವಾಪಸ್ ಕೊಟ್ಟು, ಇದನ್ನೂ ನಿಮ್ಮ ಹೆಂಡತಿಯರ ಕಾಣಿಕೆಗೆ, ಎಲೆ ಅಡಿಕೆಗೆ ಇಟ್ಕೊಳ್ಳಿ, ಕೊನೇ ಒಂದು ರೂಪಾಯಿ ನಿಮ್ಮ ತಿಥಿಗೆ ಅಂತಾನೆ. ಪೀಟರ್ಸ್‌ಬರ್ಗ್ ಎಲ್ಲಿ, ಅವಧ್‌ನ ಹಳ್ಳಿ ಎಲ್ಲಿ, ಆದ್ರೂ ತಂತ್ರ ಒಂದೇ, ಕೊಡೋ ಮುಂಚೆನೇ ಮುರ್ಕೊಳ್ಳೋದು. ಇವತ್ತು ಮೊಬೈಲ್ ಲೋನ್ ಆ್ಯಪಲ್ಲಿ ಪ್ರೋಸೆಸಿಂಗ್ ಫೀ ಅಂತ ಮೊದಲೇ ಕಳೆದು ಕೊಡೋದನ್ನ ನೋಡಿರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಕಾಗದ ಯಾವಾಗ್ಲೂ ಸಾಲಪತ್ರನೇ ಆಗಿರ್ಬೇಕಿಲ್ಲ. ರಾಸ್ಕೋಲ್ನಿಕೋವ್ ತಂಗಿ ದೂನ್ಯಾ ಸ್ವಿದ್ರಿಗೈಲೋವ್ ಮನೇಲಿ ಮಕ್ಕಳಿಗೆ ಪಾಠ ಹೇಳೋ ಕೆಲಸಕ್ಕೆ ಸೇರುವಾಗ 100 ರೂಬಲ್ ಮುಂಗಡ ತಗೊಂಡಿರ್ತಾಳೆ, ತಿಂಗಳು ತಿಂಗಳು ಸಂಬಳದಲ್ಲಿ ಮುರಿಯೋ ಕರಾರು. ಅದರಲ್ಲಿ 60 ರೂಬಲ್ ಅಣ್ಣನಿಗೇ ಕಳಿಸಿರ್ತಾಳೆ. ಮನೆ ಯಜಮಾನ ಕಾಟ ಕೊಡೋಕೆ ಶುರು ಮಾಡಿದಾಗ ಬಿಟ್ಟು ಬರೋಕಾಗಲ್ಲ, ಯಾಕಂದ್ರೆ ಮುಂಗಡ ತೀರಿಲ್ಲ. ಅವರಮ್ಮನ ಪೆನ್ಷನ್ ವರ್ಷಕ್ಕೆ 120 ರೂಬಲ್ ಅನ್ನೋದನ್ನ ಪಕ್ಕದಲ್ಲಿ ಬರ್ಕೊಳ್ಳಿ, ಆ ನೂರು ಎಷ್ಟು ದೊಡ್ಡ ಸಂಕೋಲೆ ಅಂತ ಕಾಣತ್ತೆ. ಇಟ್ಟಿಗೆ ಗೂಡಲ್ಲಿ, ಕಬ್ಬು ಕಡಿಯೋ ಗ್ಯಾಂಗಲ್ಲಿ ಮುಂಗಡ ತಗೊಂಡು ಹೋದವರ ಬಗ್ಗೆ ಗೊತ್ತಿರೋ ಕನ್ನಡ ಓದುಗರಿಗೆ ದೂನ್ಯಾ ಪರಿಸ್ಥಿತಿ ವಿದೇಶಿ ಕತೆ ಅನ್ಸಲ್ಲ.

3. ಮುಚ್ಚಿದ ಬಾಗಿಲುಗಳ ಪಟ್ಟಿ

ಕೊಲೆ, ಕಳ್ಳತನ, ಆತ್ಮಹತ್ಯೆ, ಮಗಳನ್ನ ಮಾರೋದು, ಯಾವ ಕೃತ್ಯ ಆದ್ರೂ ಸರಿ, ಅದು ನಡೆಯೋ ಪುಟದಿಂದ ಹಿಂದಕ್ಕೆ ಓದ್ತಾ ಹೋಗಿ. ಹೌದು, ಹಿಂದಕ್ಕೆ. ಪ್ರತಿ ಅಧ್ಯಾಯದಲ್ಲೂ ಕೇಳಿ: ಇಲ್ಲಿ ಇವನು/ಇವಳು ಸಹಾಯ ಕೇಳಿದ್ರಾ, ಯಾರನ್ನ ಕೇಳಿದ್ರು, ಏನು ಉತ್ತರ ಸಿಕ್ತು.

ಪ್ರೇಮಚಂದರ 'ಸವಾ ಸೇರ್ ಗೇಹೂಂ' ಕತೆ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅರ್ಧ ಗಂಟೇಲಿ ಓದಿ ಮುಗಿಸಬಹುದು. ಶಂಕರ ಅನ್ನೋ ರೈತನ ಮನೆಗೆ ಒಬ್ಬ ಸಾಧು ಬರ್ತಾನೆ, ಮನೇಲಿ ಗೋಧಿ ಇರಲ್ಲ, ಊರಿನ ವಿಪ್ರನ ಹತ್ರ ಸವಾ ಸೇರು, ಅಂದ್ರೆ ಒಂದೂಕಾಲು ಸೇರು ಗೋಧಿ ಸಾಲ ತರ್ತಾನೆ. ಸುಗ್ಗೀಲಿ ಅವನಿಗೆ ಮಾಮೂಲಿಗಿಂತ ಜಾಸ್ತಿ ಧಾನ್ಯ ಕೊಟ್ಟು ಸಾಲ ತೀರ್ತು ಅಂದ್ಕೊಳ್ತಾನೆ. ಏಳು ವರ್ಷ ಆದ್ಮೇಲೆ ವಿಪ್ರ ಕರೆದು ನಿನ್ನ ಬಾಕಿ ಐದೂವರೆ ಮಣ ಅಂತಾನೆ. 60 ರೂಪಾಯಿಗೆ ಪತ್ರ ಆಗತ್ತೆ. ಇಲ್ಲಿ ಬಹಳ ಜನ ಮರೆತು ಬಿಡೋ ಭಾಗ ಬರತ್ತೆ: ಶಂಕರ ಒಂದು ವರ್ಷ ಚಿಲುಮೆ ಬಿಟ್ಟು, ಹೊಟ್ಟೆ ಕಟ್ಟಿ, ಆ 60 ರೂಪಾಯಿ ಪೂರ್ತಿ ಕೂಡಿಸ್ತಾನೆ. ತಗೊಂಡು ಹೋಗಿ ಕೊಟ್ರೆ ಬಡ್ಡಿ 15 ಬಾಕಿ ಇದೆ ಅಂತ ಉತ್ತರ. ಆ 15 ರೂಪಾಯಿಗೆ ಊರೆಲ್ಲ ಅಲೀತಾನೆ, ಒಬ್ರೂ ಕೊಡಲ್ಲ. ಅವರ ಹತ್ರ ದುಡ್ಡಿರ್ಲಿಲ್ಲ ಅಂತಲ್ಲ, ವಿಪ್ರನ ಬೇಟೆಗೆ ಕೈ ಹಾಕೋ ಧೈರ್ಯ ಯಾರಿಗೂ ಇರ್ಲಿಲ್ಲ. ಅಲ್ಲಿಗೆ ಶಂಕರ ಕುಸೀತಾನೆ, ಇನ್ನು ಕೂಡಿಟ್ಟು ಏನ್ ಪ್ರಯೋಜನ ಅಂತ ಖರ್ಚು ಮಾಡೋಕೆ ಶುರು ಮಾಡ್ತಾನೆ, ಕೊನೆಗೆ 20 ವರ್ಷ ಜೀತ ಮಾಡಿ ಸಾಯ್ತಾನೆ, ಆಗಲೂ 120 ರೂಪಾಯಿ ತಲೆ ಮೇಲಿರತ್ತೆ, ಅದು ಮಗನ ಕುತ್ತಿಗೆಗೆ ಬರತ್ತೆ.

ಚರ್ಚೇಲಿ ಯಾರಾದ್ರೂ "ಬಡವರಿಗೆ ದುಡ್ಡು ಉಳಿಸೋ ಬುದ್ಧಿ ಇರಲ್ಲ" ಅಂದ್ರೆ ಈ ಕತೆ ತೆಗೆದು ಆ ಪುಟ ಓದಿ. ಬುದ್ಧಿ ಇತ್ತು, ಒಂದು ವರ್ಷ ಇತ್ತು, ಅದನ್ನ ಮುರಿದವರು ಯಾರು ಅನ್ನೋದು ಅಲ್ಲೇ ಇದೆ.

ಹಾರ್ಡಿಯ 'ಟೆಸ್' (1891) ಕಾದಂಬರೀಲೂ ಬಾಗಿಲು ಮುಚ್ಚೋದು ಹೀಗೇ ಒಂದಾದ ಮೇಲೊಂದು. ಕುಡಿದು ಮಲಗಿದ ಅಪ್ಪನ ಬದಲು ಟೆಸ್ ರಾತ್ರಿ ಗಾಡಿ ಹೊಡ್ಕೊಂಡು ಹೋಗುವಾಗ ಮನೆಗೆ ಅನ್ನ ಹಾಕ್ತಿದ್ದ ಕುದುರೆ ಅಂಚೆ ಗಾಡಿಗೆ ಡಿಕ್ಕಿಯಾಗಿ ಸಾಯತ್ತೆ. ಆ ತಪ್ಪಿನ ಭಾರಕ್ಕೆ ಅವಳು ಶ್ರೀಮಂತ ಅಲೆಕ್ ಮನೆಗೆ ಕೆಲಸಕ್ಕೆ ಹೋಗೋಕೆ ಒಪ್ಪೋದು. ಎಷ್ಟೋ ವರ್ಷ ಆದ್ಮೇಲೆ ಅಪ್ಪ ಸತ್ತ ತಕ್ಷಣ ಮನೆನೂ ಹೋಗತ್ತೆ, ಯಾಕಂದ್ರೆ ಆ ಮನೆಯ ಗೇಣಿ ಮೂರು ಜನರ ಜೀವ ಇರೋವರೆಗೆ ಮಾತ್ರ, ಮೂರನೇ ಜೀವ ಅಪ್ಪಂದು. ತಾಯಿ ಮಕ್ಕಳು ಸಾಮಾನು ಸಮೇತ ಚರ್ಚಿನ ಗೋಡೆ ಪಕ್ಕ ಬೀದೀಲಿ ಬೀಳ್ತಾರೆ. ಗಂಡ ಬ್ರೆಜಿಲ್‌ನಲ್ಲಿ, ಬರೆದ ಕಾಗದಕ್ಕೆ ಉತ್ತರ ಇಲ್ಲ. ಅಲೆಕ್ ಮಾತ್ರ ಬಾಗಿಲು ತೆಗೆದಿಟ್ಕೊಂಡು ಕಾಯ್ತಾ ಇರ್ತಾನೆ. ಅವಳು ಅವನನ್ನ ಚಾಕು ಹಾಕಿ ಕೊಲ್ಲೋದನ್ನ ಮಾತ್ರ ಓದಿದ್ರೆ ಅದು ಒಂದು ಕ್ಷಣದ ಸಿಟ್ಟು, ಈ ಪಟ್ಟಿ ಇಟ್ಕೊಂಡು ಓದಿದ್ರೆ ಅದಕ್ಕೆ ವರ್ಷಗಳ ಹಿನ್ನೆಲೆ ಇದೆ.

4. ಹಿಡಿತ ಎಂಥದ್ದು ಅಂತ ಬೇರೆ ಬೇರೆ ಮಾಡಿ ನೋಡಿ

ಬಲಗಡೆ ಕಾಲಂನ ಇನ್ನೂ ಬಿಡಿಸ್ಬೇಕು. ಪಿಸ್ತೂಲು ಹಣೆಗಿಟ್ಟು ಮಾಡ್ಸೋದು ಎಲ್ರಿಗೂ ಗೊತ್ತಾಗತ್ತೆ. ಡಿಕನ್ಸ್‌ನ 'ಆಲಿವರ್ ಟ್ವಿಸ್ಟ್'ನಲ್ಲಿ ಸೈಕ್ಸ್ ಆ ಪುಟ್ಟ ಹುಡುಗನಿಗೆ ಪಿಸ್ತೂಲು ತೋರಿಸಿ, ದೊಡ್ಡವರು ನುಗ್ಗೋಕಾಗದ ಸಣ್ಣ ಕಿಟಕಿಯಿಂದ ಮನೆ ಒಳಗೆ ಇಳಿಸ್ತಾನೆ. ಇದು ಸುಲಭದ ಉದಾಹರಣೆ, ಬೇಗ ಮುಂದೆ ಹೋಗಿ.

ಕಷ್ಟದ್ದು ಉಪಕಾರದ ಹಿಡಿತ. ಅಲೆಕ್ ಆ ರಾತ್ರಿ ಕಾಡಲ್ಲಿ ಟೆಸ್‌ಗೆ ಹೇಳೋ ಮಾತನ್ನ ಗಮನಿಸಿ: ನಿಮ್ಮಪ್ಪನಿಗೆ ಇವತ್ತು ಹೊಸ ಕುದುರೆ ಬಂದಿದೆ, ಮಕ್ಕಳಿಗೆ ಆಟದ ಸಾಮಾನು ಬಂದಿದೆ. ಕೊಟ್ಟವನು ಅವನೇ. ಬೆದರಿಕೆಯ ಒಂದು ಅಕ್ಷರ ಇಲ್ಲ ಅದರಲ್ಲಿ, ಆದ್ರೆ ಅದಾದ್ಮೇಲೆ ಅವಳಿಗೆ ಇಲ್ಲ ಅನ್ನೋ ದಾರಿ ಎಷ್ಟು ಕಿರಿದಾಗತ್ತೆ ನೋಡಿ. ಅದೇ ರಾತ್ರಿ ಅವಳು ನಿದ್ದೆ ಹೋಗಿದ್ದಾಗ ಅವನು ಅವಳ ಮೇಲೆ ಎರಗ್ತಾನೆ. ನಿಮ್ಮ ಟಿಪ್ಪಣೀಲಿ ಉಡುಗೊರೆಗಳನ್ನೂ ಸಾಲದ ಕಾಲಂನಲ್ಲೇ ಬರೀರಿ, ಈ ಒಂದು ಅಭ್ಯಾಸ ಮಾಡ್ಕೊಂಡ್ರೆ ಹತ್ತೊಂಬತ್ತನೇ ಶತಮಾನದ ಅರ್ಧ ಕಾದಂಬರಿಗಳು ಬೇರೆ ಥರ ಕಾಣ್ತವೆ. ಲೂಜಿನ್ ಅನ್ನೋ ವಕೀಲ ದೂನ್ಯಾನ ಮದ್ವೆ ಆಗೋಕೆ ಬರೋದೂ ಇದೇ ಲೆಕ್ಕದಲ್ಲಿ, ಬಡತನ ಕಂಡ ಹುಡುಗಿ ಗಂಡನ ಉಪಕಾರ ಜೀವನ ಪೂರ್ತಿ ನೆನೀತಾಳೆ ಅನ್ನೋದು ಅವನ ಆಸೆ.

ಊರಿನ, ಜಾತಿಯ ಹಿಡಿತ ಇನ್ನೊಂದು. 'ಗೋದಾನ'ದ ಹೋರಿ ಅನ್ನೋ ರೈತ, ಮಗ ಕರ್ಕೊಂಡು ಬಂದ ಬಸುರಿ ಹುಡುಗಿನ ಮನೆಯಿಂದ ಹೊರಗೆ ಹಾಕಲ್ಲ. ಅದಕ್ಕೆ ಪಂಚಾಯ್ತಿ 100 ರೂಪಾಯಿ ನಗದು, 30 ಮಣ ಧಾನ್ಯ ದಂಡ ಹಾಕತ್ತೆ. ಅವನು ಕಣದಲ್ಲಿದ್ದ ಬೆಳೆಯನ್ನ ತಾನೇ ತಲೆ ಮೇಲೆ ಹೊತ್ಕೊಂಡು ಹೋಗಿ ಪಂಚರ ಮನೆಗೆ ಹಾಕ್ತಾನೆ, ಹೆಂಡತಿ ಧನಿಯಾ ಜಗಳ ಆಡಿ ತಡೆಯೋಕೆ ನೋಡ್ತಾಳೆ. ಜಾತಿಯಿಂದ ಹೊರಗೆ ಹಾಕ್ತಾರೆ ಅನ್ನೋ ಭಯ ಒಂದೇ ಅಲ್ಲಿ ಕೆಲಸ ಮಾಡ್ತಿರೋದು, ಅದಕ್ಕೆ ಕಾಗದಾನೂ ಬೇಡ ಪಿಸ್ತೂಲೂ ಬೇಡ.

ಈ ವಿಷಯದಲ್ಲಿ ನಮ್ಮ 'ಚೋಮನ ದುಡಿ'ಯನ್ನ ಬಿಟ್ಟು ಮಾತಾಡೋಕೆ ಸಾಧ್ಯನೇ ಇಲ್ಲ. ಕಾರಂತರು 1933ರಲ್ಲಿ ಬರೆದಿದ್ದು. ಚೋಮನ ಹತ್ರ ಎತ್ತಿದೆ, ದುಡಿಯೋ ಕೈ ಇದೆ, ಒಂದು ತುಂಡು ಗದ್ದೆ ಸಾಗುವಳಿ ಮಾಡ್ಬೇಕು ಅನ್ನೋ ಆಸೆ ಇದೆ. ಅಂದ್ರೆ ಎಡಗಡೆ ಕಾಲಂನಲ್ಲಿ ಇರೋ ಕೊರತೆ ಒಂದೇ, ನೆಲ. ಆದ್ರೆ ಅವನು ಹುಟ್ಟಿದ ಜಾತಿಯವರಿಗೆ ಬೇಸಾಯಕ್ಕೆ ಭೂಮಿ ಕೊಡೋ ಪದ್ಧತಿ ಇಲ್ಲ, ಧಣಿ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗಿದ್ರೂ ಮನೆಯವರು, ಊರವರು ಬಿಡಲ್ಲ. ಈ ಕಡೆ ಘಟ್ಟದ ಕಾಫಿ ತೋಟದ ಸಾಲ. ಗಂಡುಮಕ್ಕಳು ಚನಿಯ, ಗುರುವ ಇಬ್ರೂ ಸಾಲ ತೀರಿಸೋಕೆ ತೋಟಕ್ಕೆ ಹೋಗ್ತಾರೆ, ಒಬ್ಬ ಜ್ವರಕ್ಕೆ ಬಲಿ ಆಗ್ತಾನೆ, ಇನ್ನೊಬ್ಬ ಅಲ್ಲೇ ಮದ್ವೆ ಆಗಿ ವಾಪಸ್ ಬರಲ್ಲ. ಆಮೇಲೆ ಮಗಳು ಬೆಳ್ಳಿ ಹೋಗ್ತಾಳೆ. ಸಾಲ ಆಗ ತೀರತ್ತೆ, ಆದ್ರೆ ತೀರಿದ್ದು ಕೂಲಿಯಿಂದ ಅಲ್ಲ. ಈ ಕಾದಂಬರೀಲಿ ಎರಡು ಹಿಡಿತ ಒಂದಕ್ಕೊಂದು ಹೇಗೆ ಕೈ ಜೋಡಿಸ್ತವೆ ಅಂತ ನೋಡಿ: ಜಾತಿ ಭೂಮಿಯ ಬಾಗಿಲು ಹಾಕತ್ತೆ, ಹಾಗಾಗಿ ಕುಟುಂಬ ಸಾಲದ ಕಡೆ ಹೋಗ್ಲೇಬೇಕು, ಸಾಲ ಮಕ್ಕಳನ್ನ ಒಬ್ಬೊಬ್ಬರನ್ನಾಗಿ ಎಳ್ಕೊಳ್ಳತ್ತೆ. ಬರೀ ಬಡತನದ ಕತೆ ಅಂತ ಚೋಮನ ದುಡಿನ ಓದಿಸೋದು ಅನ್ಯಾಯ ಅಂತ ನನ್ನ ಗಟ್ಟಿ ಅಭಿಪ್ರಾಯ.

5. ಅದೇ ಬಡತನದಲ್ಲಿದ್ದು ಅದನ್ನ ಮಾಡದವರು ಯಾರು

ಈ ಹೆಜ್ಜೆ ತಪ್ಪಿಸಿದ್ರೆ ನಿಮ್ಮ ಓದು ಏಕಪಕ್ಷೀಯ ಆಗತ್ತೆ, ಎಲ್ಲಾ ಅಪರಾಧಕ್ಕೂ ಬಡತನನೇ ಕಾರಣ ಅನ್ನೋ ಕಡೆ ಜಾರತ್ತೆ. ಒಳ್ಳೆ ಕಾದಂಬರಿಕಾರರು ಪಕ್ಕದಲ್ಲೇ ಇನ್ನೊಬ್ಬರನ್ನ ನಿಲ್ಲಿಸಿರ್ತಾರೆ, ಅವರನ್ನ ಹುಡುಕಿ.

ರಾಸ್ಕೋಲ್ನಿಕೋವ್ ಹತ್ರ ಬಾಡಿಗೆ ಕೊಡೋಕೆ ದುಡ್ಡಿಲ್ಲ, ಯೂನಿವರ್ಸಿಟಿ ಬಿಟ್ಟಿದ್ದಾನೆ, ಊಟ ಇಲ್ಲ. ಗೆಳೆಯ ರಜುಮಿಖಿನ್ ಪರಿಸ್ಥಿತಿನೂ ಹೆಚ್ಚು ಕಮ್ಮಿ ಅದೇ, ಅವನೂ ದುಡ್ಡಿಲ್ಲದೆ ಓದು ನಿಲ್ಲಿಸಿದವನು, ಆದ್ರೆ ಅನುವಾದ ಮಾಡ್ಕೊಂಡು ಬದುಕ್ತಾನೆ. ಗಿರವಿ ಮುದುಕಿಯ ಕೊಲೆ ಮಾಡಿದ ಮರುದಿನ ರಾಸ್ಕೋಲ್ನಿಕೋವ್ ಅವನ ರೂಮಿಗೆ ಹೋದಾಗ ಜರ್ಮನ್ ಲೇಖನದ ಒಂದು ಭಾಗ ಕೊಟ್ಟು ಮೂರು ರೂಬಲ್ ಮುಂಗಡಾನೂ ಕೈಗಿಡ್ತಾನೆ. ಇವನು ತಗೊಂಡು ಬೀದಿಗೆ ಇಳಿದು, ಮತ್ತೆ ಮೇಲೆ ಹತ್ತಿ ಎಲ್ಲಾ ವಾಪಸ್ ಇಟ್ಟು ಮಾತಾಡದೆ ಹೋಗಿಬಿಡ್ತಾನೆ. ಇನ್ನೂ ದೊಡ್ಡ ಸಾಕ್ಷಿ ಕೊನೇಲಿ ಬರತ್ತೆ. ಮುದುಕಿ ಹತ್ರ ಕದ್ದ ಪರ್ಸಲ್ಲಿ 317 ರೂಬಲ್ 60 ಕೊಪೆಕ್ ಇತ್ತು, ಅವನು ಅದನ್ನ ಕಲ್ಲಿನ ಕೆಳಗೆ ಬಚ್ಚಿಟ್ಟವನು ಒಮ್ಮೆನೂ ತೆಗೆದು ಎಣಿಸೇ ಇಲ್ಲ! ಹಸಿವಿಗೆ ಕೊಂದವನು ಹೀಗೆ ಮಾಡ್ತಾನಾ? ಅವನ ತಲೇಲಿ ಒಂದು ಸಿದ್ಧಾಂತ ಇತ್ತು, ಅಸಾಮಾನ್ಯ ಮನುಷ್ಯರಿಗೆ ಗೆರೆ ದಾಟೋ ಹಕ್ಕಿದೆ ಅಂತ. ಬಡತನ ಆ ಸಿದ್ಧಾಂತಕ್ಕೆ ಗಾಳಿ ಹಾಕ್ತು, ಒಬ್ಬಂಟಿ ಮಾಡ್ತು, ಜ್ವರ ಬರಿಸ್ತು, ಅಷ್ಟು ನಿಜ, ಆದ್ರೆ ಕೊಡಲಿ ಎತ್ತಿದ್ದು ಸಿದ್ಧಾಂತ. ಇನ್ನೊಂದು ವಿಷಯ ದಯವಿಟ್ಟು ಮರೀಬೇಡಿ, ಅವನ ಕೊಡಲಿಗೆ ಬಿದ್ದ ಎರಡನೇ ಜೀವ ಲಿಜವೆತಾ, ಅಕ್ಕನ ಮನೇಲಿ ಹಗಲು ರಾತ್ರಿ ದುಡೀತಿದ್ದ ಬಡವಿ. ಬಡವರ ಪರ ಅಂತ ಶುರುವಾದ ಯೋಚನೆ ಮೊದಲ ದಿನವೇ ಒಬ್ಬ ಬಡವಿನ ತಿಂದು ಹಾಕ್ತು. ದಾಸ್ತೋಯೆವ್‌ಸ್ಕಿ ಇದನ್ನ ಬೇಕಂತಲೇ ಇಟ್ಟಿದ್ದಾನೆ ಅನ್ನೋದ್ರಲ್ಲಿ ನಂಗೆ ಅನುಮಾನ ಇಲ್ಲ.

ಸೋನ್ಯಾ ಅವನಿಗಿಂತ ಕೆಳಗೆ ಬಿದ್ದವಳು, ಮೈ ಮಾರೋರಿಗೆ ಕೊಡ್ತಿದ್ದ ಹಳದಿ ಪರವಾನಗಿ ಕಾರ್ಡ್ ಹಿಡಿದು ಬದುಕೋಳು. ಅವಳು ಕೊಟ್ಟಿದ್ದು ತನ್ನನ್ನ, ಅವನು ತೆಗೆದಿದ್ದು ಇನ್ನೊಬ್ಬರ ಜೀವ. ಈ ವ್ಯತ್ಯಾಸ ಬರೆಯುವಾಗ ಮಾತ್ರ ಎಚ್ಚರ, "ಸೋನ್ಯಾ ತ್ಯಾಗಮಯಿ" ಅಂತ ಹೊಗಳಿ ಅವಳನ್ನ ಆ ಬೀದಿಗೆ ಕಳಿಸಿದವರನ್ನ ಬಿಟ್ಟುಬಿಡ್ಬೇಡಿ. ಅರ್ಧ ಡಜನ್ ಶರ್ಟ್ ಹೊಲಿಸ್ಕೊಂಡು, ಕಾಲರ್ ಅಳತೆ ಸರಿ ಇಲ್ಲ ಅಂತ ಕೂಲಿ ಕೊಡದೆ ಕಾಲು ನೆಲಕ್ಕೆ ಬಡಿದು ಓಡಿಸಿದ ಒಬ್ಬ ದೊಡ್ಡ ಅಧಿಕಾರಿ ಒಂದೇ ಸಾಲಲ್ಲಿ ಬಂದು ಹೋಗ್ತಾನೆ, ಅವನ ಹೆಸರು ಟಿಪ್ಪಣೀಲಿ ಇರ್ಲೇಬೇಕು: ಕ್ಲೋಪ್‌ಸ್ಟಾಕ್.

6. ಶಿಕ್ಷೆ ಯಾರಿಗೆ ಆಯ್ತು, ಯಾರಿಗೆ ಆಗ್ಲಿಲ್ಲ

ಪುಸ್ತಕ ಮುಗಿದ ಮೇಲೆ ಒಂದು ಪುಟ ಇದಕ್ಕೆ. ವಾಲ್ಜಾನ್ 1795ರ ಕಠಿಣ ಚಳಿಗಾಲದಲ್ಲಿ ವಿಧವೆ ಅಕ್ಕನ ಏಳು ಮಕ್ಕಳ ಹಸಿವಿಗೆ ಬೇಕರಿ ಗಾಜು ಒಡೆದು ಒಂದು ಬ್ರೆಡ್ ತಗೊಳ್ತಾನೆ. ಐದು ವರ್ಷ ಶಿಕ್ಷೆ. ತಪ್ಪಿಸ್ಕೊಳ್ಳೋ ಪ್ರಯತ್ನಗಳಿಗೆ ಮೂರು, ಐದು, ಮೂರು, ಮತ್ತೆ ಮೂರು ಸೇರಿ ಒಟ್ಟು 19 ವರ್ಷ. ಬಿಡುಗಡೆ ದಿನ ಕೈಗೆ ಬಂದಿದ್ದು 109 ಫ್ರಾಂಕ್ 15 ಸೂ, ಅವನ ಲೆಕ್ಕದ ಪ್ರಕಾರ ಅದಕ್ಕಿಂತ ಬಹಳ ಜಾಸ್ತಿ ಬರ್ಬೇಕಿತ್ತು, ರಜಾ ದಿನ ಅದು ಇದು ಅಂತ ಮುರ್ಕೊಂಡಿರ್ತಾರೆ. ಇಬ್ಬರನ್ನ ಕೊಂದ ರಾಸ್ಕೋಲ್ನಿಕೋವ್‌ಗೆ ಸೈಬೀರಿಯಾದಲ್ಲಿ 8 ವರ್ಷ. ದೇಶ ಬೇರೆ ಕಾಲ ಬೇರೆ ಅನ್ನೋದನ್ನ ಒಪ್ಕೊಂಡೇ ಈ ಎರಡು ಅಂಕಿನ ಅಕ್ಕಪಕ್ಕ ಬರೆದಿಡಿ. ಇನ್ನು ಆ ಏಳು ಮಕ್ಕಳು ಏನಾದ್ರು? ಅಕ್ಕ ಪ್ಯಾರಿಸ್ಸಲ್ಲಿ ಕೊನೇ ಮಗನ ಜೊತೆ ಇದ್ದಾಳೆ ಅನ್ನೋ ಸುದ್ದಿ ಒಮ್ಮೆ ಜೈಲಿಗೆ ಬರತ್ತೆ, ಉಳಿದ ಆರು ಎಲ್ಲಿ ಹೋದ್ವು ಅಂತ ಅವಳಿಗೇ ಗೊತ್ತಿರಲ್ಲ. ಕಾನೂನು ಬ್ರೆಡ್ಡಿನ ಲೆಕ್ಕ ಇಡ್ತು, ಮಕ್ಕಳ ಲೆಕ್ಕ ಇಡ್ಲಿಲ್ಲ.

ಫಾಂಟೀನ್‌ಗೆ ಮಗುಗೆ ಜ್ವರ ಅಂತ ಸುಳ್ಳು ಬರೆದು ಹಲ್ಲು ಕೀಳಿಸಿದ ಥೆನಾರ್ದಿಯೆ ಕೊನೆಗೆ ಕೊಸೆಟ್ ಗಂಡ ಮಾರಿಯುಸ್ ಕೊಟ್ಟ ದುಡ್ಡಲ್ಲಿ ಅಮೆರಿಕಕ್ಕೆ ಹೋಗಿ ಗುಲಾಮರ ವ್ಯಾಪಾರಕ್ಕೆ ಇಳೀತಾನೆ. ಇದನ್ನೂ ಅದೇ ಪುಟದಲ್ಲಿ ಬರೀರಿ. ಜೊತೆಗೆ ಕಷ್ಟದ ಒಂದು ಹೆಸರು ಕೂಡ, ಫಾಂಟೀನ್ ಕೆಲಸ ಕಳ್ಕೊಂಡಿದ್ದು ಬೇರೆ ಯಾರದೋ ಫ್ಯಾಕ್ಟರೀಲಲ್ಲ, ಹೆಸರು ಬದಲಾಯಿಸ್ಕೊಂಡು ಮೇಯರ್ ಆಗಿದ್ದ ವಾಲ್ಜಾನ್‌ದೇ. ಅವನಿಗೆ ಗೊತ್ತೇ ಇರ್ಲಿಲ್ಲ, ಮೇಲ್ವಿಚಾರಕಿ ಅವನ ನಿಯಮದ ಪ್ರಕಾರ ತೆಗೆದು ಹಾಕಿದ್ಲು. ಒಳ್ಳೆ ಮನುಷ್ಯನ ಒಳ್ಳೆ ನಿಯಮನೂ ಒಬ್ಬಳನ್ನ ಬೀದಿಗೆ ತರಬಹುದು ಅಂತ ಹ್ಯೂಗೋ ಇಲ್ಲಿ ತೋರ್ಸಿದ್ದಾನೆ, ಬಹಳ ದೊಡ್ಡ ಧೈರ್ಯ ಅದು, ತನ್ನ ನಾಯಕನನ್ನೇ ಲೆಕ್ಕಕ್ಕೆ ತಗೊಂಡಿದ್ದು.

7. ಆ ಕಾಲದ ಕಾನೂನು ಒಮ್ಮೆ ನೋಡ್ಕೊಳ್ಳಿ

ಜಾಸ್ತಿ ಬೇಡ, ಒಂದು ಪುಸ್ತಕಕ್ಕೆ ಒಂದು ಕಾನೂನು ಸಾಕು. 'ಆಲಿವರ್ ಟ್ವಿಸ್ಟ್' ಕಂತುಗಳಲ್ಲಿ ಬರೋಕೆ ಶುರುವಾಗಿದ್ದು 1837ರಲ್ಲಿ, ಅದಕ್ಕೆ ಮೂರು ವರ್ಷ ಮುಂಚೆ 1834ರಲ್ಲಿ ಇಂಗ್ಲೆಂಡಿನ ಹೊಸ ಬಡವರ ಕಾಯ್ದೆ ಬಂತು. ಮನೇಲಿದ್ದೇ ಸಿಗ್ತಿದ್ದ ನೆರವು ಕಡಿತ ಮಾಡಿ, ಬೇಕಾದ್ರೆ ಬಡವರನ್ನ ಇಟ್ಕೊಂಡು ದುಡಿಸೋ ವರ್ಕ್‌ಹೌಸಿಗೆ ಬಂದು ಸೇರ್ಲಿ ಅನ್ನೋದು, ಅಲ್ಲಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಕೀಳಾಗಿರ್ಬೇಕು ಅನ್ನೋದು, ಗಂಡ ಹೆಂಡತಿ ಬೇರೆ ಬೇರೆ ಇರ್ಬೇಕು ಅನ್ನೋದು ಅದರ ರೀತಿ. ಇಷ್ಟು ಗೊತ್ತಿದ್ರೆ ಇನ್ನೊಂದು ಸೌಟು ಗಂಜಿ ಕೇಳಿದ್ದಕ್ಕೆ ಯಾಕೆ ಅಷ್ಟು ಗಲಾಟೆ ಅಂತ ಅರ್ಥ ಆಗತ್ತೆ, ಆಲಿವರ್‌ನ ಕರ್ಕೊಂಡು ಹೋಗೋರಿಗೆ 5 ಪೌಂಡ್ ಅಂತ ಗೇಟಿಗೆ ಬೋರ್ಡ್ ಹಾಕಿದ್ದು ಯಾಕೆ ಅಂತಾನೂ. ಡಿಕನ್ಸ್ ಇದನ್ನ ದೂರ ನಿಂತು ಬರೆದವನಲ್ಲ, 1824ರಲ್ಲಿ ಅಪ್ಪ ಸಾಲಕ್ಕೆ ಮಾರ್ಶಲ್‌ಸೀ ಜೈಲಿಗೆ ಹೋದಾಗ ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೇಲಿ ದುಡಿದಿದ್ದ.

ಶಂಕರನ ಕತೆ ಓದೋರು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನೋಡಿ. ಜೀತದ ಸಾಲ ತೀರಿಸೋ ಹೊಣೆನೇ ಅದರಲ್ಲಿ ರದ್ದಾಯ್ತು. ಅಪ್ಪನ ಸಾಲ ಮಗನ ಕುತ್ತಿಗೆಗೆ ಬೀಳೋದನ್ನ ದೇಶದ ಕಾನೂನು ಪೂರ್ತಿ ತಳ್ಳಿ ಹಾಕಿದ್ದು ಪ್ರೇಮಚಂದ್ ತೀರ್ಕೊಂಡು ನಲವತ್ತು ವರ್ಷ ಆದ್ಮೇಲೆ.

8. ಬರೆಯುವಾಗ, ಮಾತಾಡುವಾಗ

ಪ್ರಬಂಧ ಬರೆಯೋರು "ಬಡತನ ಅವನನ್ನ ಅಪರಾಧಕ್ಕೆ ದೂಡಿತು" ಅಂತ ಬರೀಬೇಡಿ. ಆ ವಾಕ್ಯದಲ್ಲಿ ದೂಡಿದ ಮನುಷ್ಯರೇ ಕಾಣಲ್ಲ. ಅದರ ಬದಲು ಯಾರು, ಯಾವಾಗ, ಎಷ್ಟಕ್ಕೆ ಅಂತ ಬರೀರಿ. "ಮೂರು ವರ್ಷದ ಗೇಣಿ ಬಾಕಿಗೆ ಜಮೀನು ಬಿಡಿಸೋ ದಾವೆ ಬಿದ್ದಾಗ ಹೋರಿ 200 ರೂಪಾಯಿ ತಗೊಂಡು ಮಗಳು ರೂಪಾನ ವಯಸ್ಸಾದ ರಾಮಸೇವಕನಿಗೆ ಕೊಟ್ಟ, ದುಡ್ಡು ಇಸ್ಕೊಳ್ಳುವಾಗ ಅವನ ಕೈ ನಡುಗ್ತು." ಇಷ್ಟೇ ಬರೆದ್ರೂ ಓದೋರಿಗೆ ಯಾರ ಮೇಲೆ ಸಿಟ್ಟು ಬರ್ಬೇಕೋ ಅವರ ಮೇಲೆ ಬರತ್ತೆ.

ಗುಂಪಲ್ಲಿ ಓದಿಸೋರಿಗೆ ಒಂದು ಮಾತು, ಇದನ್ನ ಕಳಕಳಿಯಿಂದ ಹೇಳ್ತಿದ್ದೀನಿ. ಕೂತಿರೋರಲ್ಲಿ ಸಾಲದವರ ಕಾಟ ಕಂಡವರು, ಮುಂಗಡಕ್ಕೆ ದುಡಿದ ಮನೆಯವರು, ಜಾತಿ ಕಾರಣಕ್ಕೆ ಬಾಗಿಲಲ್ಲೇ ನಿಂತವರು ಇರ್ತಾರೆ. ಅವರ ಹತ್ರ "ನಿಮ್ಮ ಅನುಭವ ಹೇಳಿ" ಅಂತ ಒತ್ತಾಯ ಮಾಡ್ಬೇಡಿ, ತಾವಾಗೇ ಹೇಳಿದ್ರೆ ಕೇಳಿ. ಚರ್ಚೆನ ಪುಸ್ತಕದ ಪುಟಕ್ಕೇ ಕಟ್ಟಿ ಹಾಕಿ, ಯಾರಾದ್ರೂ ಅಭಿಪ್ರಾಯ ಹೇಳಿದ್ರೆ ಯಾವ ಪುಟ, ಯಾವ ಅಂಕಿ ಅಂತ ಕೇಳಿ. ಫಾಂಟೀನ್, ಬೆಳ್ಳಿ, ಟೆಸ್ ಬಗ್ಗೆ ಮಾತಾಡುವಾಗ ಅವಳು "ಹಾಳಾದ್ಲು" ಅನ್ನೋ ಥರದ ಮಾತು ಬಂದ್ರೆ ಅಲ್ಲೇ ತಡೀರಿ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ರೆ, ಮೊದಲ ವಾರ 'ಸವಾ ಸೇರ್ ಗೇಹೂಂ', ಎರಡು ಕಾಲಂ ಹಾಕಿ. ಆಮೇಲೆ 'ಚೋಮನ ದುಡಿ', ಸಣ್ಣ ಪುಸ್ತಕ, ಒಂದು ಭಾನುವಾರ ಸಾಕು, ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಸಿನಿಮಾನ ಓದಿದ ಮೇಲೇ ನೋಡಿ. ನಂತರ 'ಗೋದಾನ'. 'ಲೆ ಮಿಸರಾಬ್ಲ್' ದೊಡ್ಡದು, ಹೆದರ್ಕೊಳ್ಳೋರು ಮೊದಲನೇ ಭಾಗ ಮಾತ್ರ ಓದಿ ಸದ್ಯಕ್ಕೆ, ಅದರ ಹೆಸರೇ ಫಾಂಟೀನ್ ಅಂತ. ಓದುವಾಗ ಥೆನಾರ್ದಿಯೆ ಬರೆಯೋ ಪ್ರತಿ ಕಾಗದದ ಮೊತ್ತನೂ ಪುಟದ ಅಂಚಲ್ಲಿ ಬರೆದು ಕೂಡಿಸ್ತಾ ಹೋಗಿ.